ಥೆಲ್ಮಾ ಹತ್ತಿದ ದೊಡ್ಡ ಹಡಗು

ನನ್ನ ಅಕ್ಕ ಥೆಲ್ಮಾ ಒಂದು ದಿನವೂ ಮೋಟಾರ್ ಸೈಕಲ್ ಓಡಿಸಿದವಳಲ್ಲ. ಆದರೂ ಉತ್ತರ ಇಂಗ್ಲೆಂಡಿನ ನಮ್ಮ ಹ್ಯಾಲಿಫ್ಯಾಕ್ಸಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಅವಳಷ್ಟು ದೂರ ಹೋಗಿಬಂದ ಹೆಂಗಸು ಇನ್ನೊಬ್ಬಳಿಲ್ಲ. ಅಷ್ಟೂ ದೂರ ಹಿಂದಿನ ಸೀಟಿನಲ್ಲಿ, ಗಂಡ ನೆವಿಲ್‌ನ ಬೆನ್ನಿಗೆ ಮುಖ ಕೊಟ್ಟುಕೊಂಡು. ಪಿರನೀಸ್ ಬೆಟ್ಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ, "ಕಂದು ಬಣ್ಣದ ಚರ್ಮ, ನಡುವೆ ಒಂದು ಕಡೆ ಹೊಲಿಗೆ ಬಿಟ್ಟಿತ್ತು" ಎನ್ನುತ್ತಿದ್ದಳು. ಅದು ನೆವಿಲ್‌ನ ಜಾಕೆಟ್ಟಿನ ವರ್ಣನೆ. ನಮ್ಮ ಬೈಕ್ ಕ್ಲಬ್ಬಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಿಸುವುದಕ್ಕೇ ಹೇಳುತ್ತಾಳೆ ಎಂದು ನಾವು ತಿಳಿದಿದ್ದೆವು.

ಶಾಲೆ ಬಿಟ್ಟ ವಾರವೇ ಅವಳು ಕಾರ್ಪೆಟ್ ಮಿಲ್ಲಿಗೆ ಸೇರಿದ್ದಳು. ಮಿಲ್ಲು ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆ. ಊರಿನ ಮಕ್ಕಳಿಗೆಲ್ಲ ಆಲೂಗಡ್ಡೆ ಬೇಯಿಸಿ, ಕಿವುಚಿ, ಬಡಿಸಿ, ಪಾತ್ರೆ ತೊಳೆದು ಮನೆಗೆ ಬಂದರೆ ಅಲ್ಲಿ ನೆವಿಲ್, ಮಗಳು, ಹಾಸಿಗೆ ಹಿಡಿದ ನಮ್ಮಮ್ಮ. ನೆವಿಲ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಮನುಷ್ಯ. ಕುಡಿದು ಬಂದವನಲ್ಲ, ಕೈ ಎತ್ತಿದವನಲ್ಲ, ಹೆಂಡತಿಯ ಅಮ್ಮನನ್ನು ಎತ್ತಿ ಕೂರಿಸುವಾಗಲೂ ಮುಖ ಸಿಂಡರಿಸಿದವನಲ್ಲ. ಅವನಿಗಿದ್ದ ಹುಚ್ಚು ಒಂದೇ. ಮೇ ತಿಂಗಳ ಕೊನೆಗೆ ವಿಟ್ಸನ್ ಹಬ್ಬದ ರಜೆ ಬಂತೆಂದರೆ ಬೈಕು ಹೊರಗೆ ತೆಗೆಯಬೇಕು, ಹಡಗು ಹತ್ತಬೇಕು, ಸ್ಪೇನಿನ ಬೆಟ್ಟಗಳಿಗೆ ಹೋಗಬೇಕು. ಶಾಲೆಯ ಅಡುಗೆಯವರಿಗೂ ಆಗಲೇ ರಜೆ. ಹಿಂದೆ ಮುಂದೆ ಒಂದೆರಡು ದಿನ ಹೇಳಿ ಕೇಳಿ ಸೇರಿಸಿಕೊಂಡರೆ ಅಷ್ಟೂ ಆ ಹಿಂದಿನ ಸೀಟಿಗೇ ಹೋಗುತ್ತಿತ್ತು. ಕೆಲಸದಿಂದ ನಿವೃತ್ತಳಾದ ಮೇಲೂ ಅದು ತಪ್ಪಲಿಲ್ಲ.

ಸ್ಪೇನಿಗೆ ದಕ್ಷಿಣದ ಬಂದರು ಪೋರ್ಟ್ಸ್‌ಮತ್ತಿನಿಂದ ಹೋಗುವ ಹಡಗು ಎರಡು ಬಗೆ. ಒಂದನ್ನು ನಾವು ಲಾರಿ ಹಡಗು ಎನ್ನುತ್ತೇವೆ. ಅದು ಇರುವುದೇ ಲಾರಿಗಳಿಗೆ; ಮೂಲೆಯಲ್ಲಿ ಜಾಗ ಉಳಿದರೆ ನಮ್ಮಂಥವರ ಬೈಕು. ಟಿಕೆಟ್ಟು ಅಗ್ಗ. ಒಂದು ಕ್ಯಾಂಟೀನು, ಒಂದು ಟಿವಿ, ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಮೇಲೊಂದು ಕೆಳಗೊಂದು ಮಲಗುವ ಹಲಗೆ, ಅದರ ಕೆಳಗೇ ಎಂಜಿನ್ನು. ಇನ್ನೊಂದು ದೊಡ್ಡ ಹಡಗು. ಅದರಲ್ಲಿ ಹಡಗು ಹೊಯ್ದಾಡದ ಹಾಗೆ ನೀರಿನೊಳಗೆ ರೆಕ್ಕೆಗಳಿವೆ, ಕಿಟಕಿಯ ಪಕ್ಕ ಹಾಸಿಗೆ ಇದೆ, ಬಿಳಿ ಬಟ್ಟೆ ಹಾಸಿದ ಮೇಜಿದೆ. ಈ ಎರಡರ ನಡುವೆ ಯಾವುದು ಎಂಬ ಜಗಳದಲ್ಲಿ ಮುರಿದು ಹೋದ ಬೈಕ್ ಕ್ಲಬ್ಬುಗಳನ್ನು ನಾನು ಕಂಡಿದ್ದೇನೆ. ನಮ್ಮ ಕ್ಲಬ್ಬು ಮುರಿಯಲಿಲ್ಲ, ಯಾಕೆಂದರೆ ತೀರ್ಮಾನ ನೆವಿಲ್‌ನದು. ನೆವಿಲ್ ಎಂದಿಗೂ ಲಾರಿ ಹಡಗಿನ ಕಡೆ.

ಲಾರಿ ಹಡಗಿನಲ್ಲಿ ಬೈಕು ಕಟ್ಟುವುದು ನಮ್ಮದೇ ತಲೆನೋವು. ಹಡಗಿನವನೊಬ್ಬ ಎಣ್ಣೆ ಮೆತ್ತಿದ ಬೆಲ್ಟುಗಳ ಒಂದು ರಾಶಿ ಎಸೆದು ಹೋಗಿಬಿಡುತ್ತಾನೆ. ಓಡಿಸುವವನು ಬೈಕಿನ ಮೇಲೆ ಕೂತು ಅಲುಗಾಡದಂತೆ ಹಿಡಿಯಬೇಕು, ಹಿಂದೆ ಕೂತವರು ಇಳಿದು ನೆಲದ ಕೊಂಡಿಗಳಿಗೆ ಬೆಲ್ಟು ಸಿಕ್ಕಿಸಿ ಬಿಗಿಯಬೇಕು. ಥೆಲ್ಮಾ ಆ ಒದ್ದೆ ಕಬ್ಬಿಣದ ಮೇಲೆ ಮಂಡಿಯೂರಿ, ಬೇಕಾದರೆ ಪಕ್ಕಕ್ಕೆ ಮಲಗಿ, ಗಂಡನ ಬೈಕು ಕಟ್ಟುತ್ತಿದ್ದಳು. ಬಿಸ್ಕೇ ಕೊಲ್ಲಿ ಎಷ್ಟು ಕುಣಿದರೂ ಅವಳು ಕಟ್ಟಿದ ಬೈಕು ಜರುಗಿದ್ದಿಲ್ಲ. ಅದು ಕ್ಲಬ್ಬಿನಲ್ಲಿ ಹೆಸರಾಯಿತು. ಹೆಸರಾದ ಮೇಲೆ ಕೇಳಬೇಕೆ? "ಥೆಲ್ಮಾ, ನಂದಕ್ಕೂ ಒಂದು ಕೈ ಹಾಕ್ತೀಯಾ" ಎಂದು ಗಾರ್ಡನ್, ಆಮೇಲೆ ಇನ್ನೊಬ್ಬ, ಆಮೇಲೆ ನಾನು. ನಮ್ಮೆಲ್ಲರ ಬೈಕು ಕಟ್ಟಿ, ಕೈಯ ಎಣ್ಣೆ ತೊಳೆದು ಅವಳು ಮೇಲೆ ಬರುವಷ್ಟರಲ್ಲಿ ನಾವು ಒಂದು ಸುತ್ತು ಬಿಯರ್ ಮುಗಿಸಿರುತ್ತಿದ್ದೆವು. ಅವಳಿಗೊಂದು ಗ್ಲಾಸು ಎತ್ತಿ ಹೊಗಳುತ್ತಿದ್ದೆವು. ಹಡಗು ಬಂದರು ದಾಟುತ್ತಲೇ ಅವಳಿಗೆ ವಾಂತಿ ಶುರುವಾಗುತ್ತಿತ್ತು, ಎದ್ದು ಹೋಗುತ್ತಿದ್ದಳು.

ಜನವರಿಯ ಒಂದು ಗುರುವಾರ, ಪಬ್ಬಿನ ಹಿಂದಿನ ಕೋಣೆಯಲ್ಲಿ ಆ ವರ್ಷದ ಪ್ರವಾಸದ ಮಾತು ಎದ್ದಿತು. ಅಲ್ಲಿ ಕೂತಿದ್ದವರೆಲ್ಲ ಮುದುಕರು. ನನ್ನ ಸೊಂಟ ಹೋಗಿತ್ತು, ಗಾರ್ಡನ್‌ಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಗಾರ್ಡನ್ ಊರಿನ ನಲ್ಲಿ ರಿಪೇರಿ ಮಾಡಿಕೊಂಡು ಬದುಕಿದವನು, ಬಾಯಿಗೆ ಮಾತ್ರ ರಿಪೇರಿ ಇರಲಿಲ್ಲ.

"ಲಾರಿ ಹಡಗೇ ತಾನೇ?" ಎಂದ ನೆವಿಲ್. ಕೇಳಿದ್ದಲ್ಲ, ಹೇಳಿದ್ದು.

"ಈ ಸಲ ದೊಡ್ಡದು ನೋಡೋಣ್ವಾ?" ಎಂದೆ ನಾನು. "ಆ ಹಲಗೆ ಮೇಲೆ ಮಲಗಿ ಎದ್ರೆ ನನ್ನ ಸೊಂಟ ನೆಟ್ಟಗಾಗೋಕೆ ಎರಡು ದಿನ ಬೇಕು."

"ಕೀತ್‌ಗೆ ದಿಂಬು ಬೇಕಂತೆ ಕಣ್ರೋ," ಎಂದ ಗಾರ್ಡನ್. "ಅಲ್ಲಿ ಪಿಯಾನೋ ಬಾರಿಸ್ತಾರೆ ಗೊತ್ತಾ? ಪಿಯಾನೋ ಕೇಳೋಕೆ ನಾನ್ಯಾಕೆ ದುಡ್ಡು ಕೊಡ್ಲಿ? ನನಗೆ ಕೇಳ್ಸೋದೇ ಅರ್ಧ."

"ಊಟನೂ ಅಷ್ಟೇ," ಎಂದ ನೆವಿಲ್. "ತಟ್ಟೆ ಇಷ್ಟಗಲ, ಮೇಲೆ ಒಂದು ಮೀನಿನ ಚೂರು. ಲಾರಿ ಹಡಗಲ್ಲಿ ಡ್ರೈವರ್‌ಗಳಿಗೆ ಬಡಿಸೋ ಹಂಗೆ ನಮಗೂ ಬಡಿಸ್ತಾರೆ. ಹಡಗು ಅಂದ್ರೆ ಆ ದಡದಿಂದ ಈ ದಡ ಮುಟ್ಟಿಸ್ಬೇಕು, ಅಷ್ಟೇ. ಮತ್ತೆ ಅಲ್ಲಿ ಬೈಕು ಅವರೇ ಕಟ್ತಾರೆ. ಯಾರ್ಯಾರೋ ಬಂದು ನನ್ನ ಬೈಕು ಮುಟ್ಟೋದು ಬೇಡ."

ಥೆಲ್ಮಾ ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣವನ್ನು ಮಡಿಸುತ್ತ ಕೂತಿದ್ದಳು. "ನಾನು ದೊಡ್ಡದ್ರಲ್ಲಿ ಹೋಗ್ತೀನಿ," ಎಂದಳು.

ಗಾರ್ಡನ್ ಕೇಳದ ಕಿವಿಯ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದ.

"ದೊಡ್ಡದ್ರಲ್ಲಿ ಅಂದ್ರೆ?" ಎಂದ ನೆವಿಲ್.

"ದೊಡ್ಡ ಹಡಗಲ್ಲಿ. ಕಿಟಕಿ ಇರೋ ಕ್ಯಾಬಿನ್ನು. ನೀವೆಲ್ಲ ನಿಮ್ಮ ಲಾರಿ ಹಡಗಲ್ಲಿ ಬನ್ನಿ, ನಾನು ಬಸ್ಸಲ್ಲಿ ಪೋರ್ಟ್ಸ್‌ಮತ್ತಿಗೆ ಹೋಗಿ ಅದನ್ನ ಹತ್ತಿ ಬರ್ತೀನಿ. ಸ್ಪೇನಲ್ಲಿ ಸಿಗೋಣ."

ನೆವಿಲ್ ಗ್ಲಾಸು ಕೆಳಗಿಟ್ಟ. "ಮತ್ತೆ ಬೈಕು ಕಟ್ಟೋದ್ಯಾರು?"

ಅವನ ಬಾಯಿಂದ ಮೊದಲು ಬಂದ ಮಾತು ಅದು. ಆ ಕ್ಷಣ ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಅಕ್ಕನಿಗೆ ಬಂದ ಹಾಗೆ ಕಾಣಲಿಲ್ಲ. ಆ ಪೊಟ್ಟಣವನ್ನು ಇನ್ನೊಂದು ಮಡಿಕೆ ಮಡಿಸಿ ಬೂದಿ ತಟ್ಟೆಯಲ್ಲಿಟ್ಟಳು. "ಇಷ್ಟು ಜನ ಗಂಡಸರಿದ್ದೀರಲ್ಲ," ಎಂದಳು.

ಎರಡು ವಾರದಲ್ಲಿ ಸರಿಹೋಗುತ್ತಾಳೆ ಎಂದು ನೆವಿಲ್ ಕಾದ. ಅವಳು ಅಷ್ಟರಲ್ಲಿ ಫೋನು ಮಾಡಿ ಕ್ಯಾಬಿನ್ನು ಹಿಡಿದಾಗಿತ್ತು. ಒಂದು ಶನಿವಾರ ನಾನು ಅವರ ಮನೆಗೆ ಹೋದಾಗ ನೆವಿಲ್ ಗ್ಯಾರೇಜಿನಲ್ಲಿದ್ದ. ಹಿಂದಿನ ಸೀಟಿಗೆ ಒರಗುದಿಂಬು ಮಾಡುತ್ತಿದ್ದ. ಕಬ್ಬಿಣ ಬಗ್ಗಿಸಿ, ಸ್ಪಂಜು ಸುತ್ತಿ, ಮೇಲೆ ಚರ್ಮ ಹೊಲಿದು. ಹೊಲಿಗೆ ಅಚ್ಚುಕಟ್ಟಾಗಿತ್ತು.

"ಅವಳ ಬೆನ್ನಿಗೆ ಆಸರೆ ಆಗ್ಲಿ ಅಂತ," ಎಂದ. "ಅವಳು ಇಳಿಯೋ ಸ್ಯಾಂಟಂಡರ್‌ನಿಂದ ಬೆಟ್ಟದ ದಾರಿ ಉದ್ದ."

"ಮೊದ್ಲೇ ಮಾಡಿಕೊಟ್ಟಿದ್ರೆ ಏನಾಗ್ತಿತ್ತು?"

"ಕೇಳ್ಲಿಲ್ವಲ್ಲ ಅವಳು." ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ನೋಡಿದ, ಆಗಲಿಲ್ಲ, ನನ್ನ ಕೈಗೆ ಕೊಟ್ಟ. "ಕೀತ್, ಒಂದು ಮಾತು ಹೇಳು. ಅವಳು ಇನ್ಮೇಲೆ ಬರೋದೇ ಇಲ್ಲ ಅಂತಾಳಾ?"

"ಹಾಗೆಲ್ಲಿ ಅಂದ್ಲು? ಹಡಗು ಬೇರೆ ಅಂದ್ಲು ಅಷ್ಟೇ."

"ಅವಳಿಲ್ದೆ ನಾನು ಹೋದ್ದೇ ಇಲ್ಲ ಕಣೋ. ಹಾಲಿಗೂ ಒಬ್ನೇ ಬೈಕಲ್ಲಿ ಹೋಗಲ್ಲ. ಅವಳು ಹಿಂದೆ ಕೂರದಿದ್ರೆ ನನಗೆ ಈ ಬೈಕು ಬೇಡ." ಅಳುಕುತ್ತ ಹೇಳಿದ್ದಲ್ಲ, ಟೈರಿನಲ್ಲಿ ಗಾಳಿ ಎಷ್ಟಿದೆ ಎಂದು ಹೇಳುವ ಧಾಟಿಯಲ್ಲೇ ಹೇಳಿದ. ಅವನ ಭಯ ನಿಜವಾದದ್ದು ಎಂದು ನನಗೆ ಅನ್ನಿಸಿತು. ಹಾಗೆಂದು ಅವನ ಪರ ವಕಾಲತ್ತು ವಹಿಸುವ ಹುಮ್ಮಸ್ಸೂ ನನಗಿರಲಿಲ್ಲ. ದಾರ ಪೋಣಿಸಿಕೊಟ್ಟು ಒಳಗೆ ಹೋದೆ.

ಅಕ್ಕ ಚಹಾ ಮಾಡಿದಳು. ಬಿಸ್ಕತ್ತಿನ ಡಬ್ಬ ನನ್ನ ಕಡೆ ತಳ್ಳಿ, ಕುರ್ಚಿಯ ಮೇಲೆ ಕೂತು, ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಎತ್ತಿಟ್ಟಳು.

"ದೂತನಾಗಿ ಬಂದ್ಯಾ?" ಎಂದಳು.

"ಬಿಸ್ಕತ್ತಿಗೆ ಬಂದೆ."

"ಒರಗುದಿಂಬು ತೋರ್ಸಿದ್ನಾ?"

"ಚೆನ್ನಾಗಿದೆ. ಸೋಫಾ ಮಾಡಿದ ಹಂಗೆ ಮಾಡ್ತಿದಾನೆ."

"ಮಾಡ್ತಾನೆ. ಕೈಯಲ್ಲಿ ಆಗೋದೇನಿದ್ರೂ ಮಾಡ್ತಾನೆ ಪಾಪ." ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ದಣಿದುಬಿಟ್ಟಿದೀನಿ ಕಣೋ ಕೀತ್. ಮಂಡಿ ನೋವು ಅಂತ ಹೇಳಿದ್ರೆ ಅವನು ಮಂಡಿಗೊಂದು ದಿಂಬು ಮಾಡ್ತಾನೆ. ಅದಕ್ಕೆ ಹೇಳಲ್ಲ."

ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ವಿಟ್ಸನ್ ವಾರ ಬಂತು. ಬೈಕುಗಳಲ್ಲಿ ಹೊರಟವರು ನೆವಿಲ್, ಗಾರ್ಡನ್, ನಾನು. ಹ್ಯಾಲಿಫ್ಯಾಕ್ಸಿನಿಂದ ಪೋರ್ಟ್ಸ್‌ಮತ್ತಿನ ತನಕ ಇಡೀ ದಿನ ಮಳೆ. ದೊಡ್ಡ ಹಡಗು ನಾವು ಹೊರಟ ಮಾರನೆಯ ದಿನ ಹೊರಡುತ್ತಿತ್ತು, ವೇಗ ಹೆಚ್ಚಾದ್ದರಿಂದ ಅದೂ ನಾವು ಮುಟ್ಟುವ ದಿನವೇ ಮುಟ್ಟುತ್ತಿತ್ತು. ನಮ್ಮದು ಬಿಲ್ಬಾವೋ ಬಂದರಿಗೆ, ಅವಳದು ಸ್ಯಾಂಟಂಡರ್‌ಗೆ. ನಾವು ಇಳಿದು ಅಲ್ಲಿಗೆ ಹೋಗಿ ಅವಳನ್ನು ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ನೆವಿಲ್ ಅವಳ ಹೆಲ್ಮೆಟ್ಟು, ಜಾಕೆಟ್ಟುಗಳನ್ನು ಹೊಸ ಒರಗುದಿಂಬಿಗೆ ಬಿಗಿದು ತಂದಿದ್ದ.

ಹಡಗಿನ ಹೊಟ್ಟೆಯೊಳಗೆ ಬೈಕು ಏರಿಸಿದೆವು. ಎಂದಿನಂತೆ ಹಡಗಿನವನು ಬೆಲ್ಟುಗಳ ರಾಶಿ ಎಸೆದು ಹೋದ. ನೆವಿಲ್ ಬೈಕಿನ ಮೇಲೆ ಕೂತೇ ಇದ್ದ, ಎರಡೂ ಕಾಲು ಊರಿಕೊಂಡು. ನಾವು ಸುತ್ತ ನಿಂತೆವು. ಇಷ್ಟು ವರ್ಷ ಕಟ್ಟುವಾಗ ಎದುರಿಗೇ ಇದ್ದೆವಲ್ಲ, ಒಬ್ಬನೂ ಕಣ್ಣಿಟ್ಟು ನೋಡಿರಲಿಲ್ಲ.

"ಸೀಟಿನ ಮೇಲೆ ಏನೋ ಮಡಿಸಿ ಇಡ್ತಿದ್ಲಪ್ಪ," ಎಂದ ಗಾರ್ಡನ್. "ಬೆಲ್ಟು ಕಚ್ಚದ ಹಂಗೆ."

"ಹಳೇ ಗ್ಲೌಸು," ಎಂದ ನೆವಿಲ್.

"ಎಲ್ಲಿದೆ?"

"ಅವಳ ಹತ್ರ."

"ಬೆಲ್ಟು ಎಡಕ್ಕೆ ಮೊದ್ಲು ಬಿಗೀತಿದ್ಲಾ, ಬಲಕ್ಕಾ?"

"ನನಗೇನು ಗೊತ್ತು? ನಾನು ಬೈಕ್ ಮೇಲೆ ಕೂತಿರ್ತಿದ್ದೆ."

"ಕೂತವನಿಗೆ ಗೊತ್ತಾಗಲ್ವೇನಯ್ಯಾ ಬೈಕು ಯಾವ ಕಡೆ ವಾಲುತ್ತೆ ಅಂತ?"

"ನೀನು ನಿನ್ನ ಬೈಕ್ ಮೇಲೆ ಏನ್ ಮಾಡ್ತಿದ್ದೆ, ನಿದ್ದೆನಾ?"

ಗಾರ್ಡನ್ ಎಡಕ್ಕೆ ಬಿಗಿದ. ನಾನು ಬಲಕ್ಕೆ ಬಿಗಿದೆ. ಸಾಲದೆಂದು ಗಾರ್ಡನ್ ಇನ್ನೊಂದು ಸಲ ಎಡಕ್ಕೆ ಎಳೆದ. ಬಲಗಡೆ ಸಡಿಲವಾಯಿತೆಂದು ನೆವಿಲ್ ಇಳಿದು ತಾನೇ ಜಗ್ಗಿದ. ಗಾಡಿ ಸೈಡ್ ಸ್ಟ್ಯಾಂಡಿನಿಂದ ಒಂದು ಬೆರಳಿನಷ್ಟು ಎದ್ದು ನಿಂತಿತು. ಗಟ್ಟಿಯಾಯಿತು ಎಂದುಕೊಂಡೆವು. ನಮ್ಮ ನಮ್ಮ ಬೈಕುಗಳನ್ನೂ ಅದೇ ಅಂದದಲ್ಲಿ ಕಟ್ಟಿ ಮೇಲೆ ಬಂದಾಗ ಬಿಯರಿನ ಆಸೆ ಯಾರಿಗೂ ಉಳಿದಿರಲಿಲ್ಲ. ನನ್ನ ಮಂಡಿಗೆ ಕಬ್ಬಿಣದ ಅಚ್ಚು ಬಿದ್ದಿತ್ತು.

ಕ್ಯಾಂಟೀನಿನಲ್ಲಿ ಉತ್ತರ ಸ್ಪೇನಿನ ಬಾಸ್ಕ್ ಸೀಮೆಯ ಲಾರಿ ಡ್ರೈವರನೊಬ್ಬ ಸಿಕ್ಕಿದ. ಇನ್ಯಾಕಿ ಎಂದು ಹೆಸರು. ವರ್ಷವರ್ಷವೂ ಸಿಗುವವನು, ಇಂಗ್ಲೆಂಡಿಗೆ ಟೊಮೇಟೊ ತಂದು ಖಾಲಿ ಲಾರಿ ಹೊಡೆದುಕೊಂಡು ಹೋಗುವವನು. ಹುರುಳಿಕಾಯಿ, ಮಾಂಸ ತುಂಬಿದ ತಟ್ಟೆ ಹಿಡಿದು ನಮ್ಮ ಮೇಜಿಗೇ ಬಂದ.

"ಅಮ್ಮಾವ್ರು ಎಲ್ಲಿ?" ಎಂದು ನೆವಿಲ್‌ನನ್ನು ಕೇಳಿದ.

"ಬೇರೆ ಹಡಗಲ್ಲಿ ಬರ್ತಿದಾಳೆ."

ಇನ್ಯಾಕಿ ಫೋರ್ಕು ಕೆಳಗಿಟ್ಟು ನೆವಿಲ್‌ನ ಕೈ ಮೇಲೆ ಕೈ ಇಟ್ಟ. "ಜಗಳನಾ?"

"ಜಗಳ ಇಲ್ಲ. ದೊಡ್ಡ ಹಡಗು ಬೇಕಂತೆ."

"ಓ," ಎಂದ ಇನ್ಯಾಕಿ. ಸ್ವಲ್ಪ ಹೊತ್ತು ಮಾಂಸ ಅಗಿದ. "ನನ್ನ ಹೆಂಡ್ತೀನೂ ಹಿಂಗೇ ಶುರು ಮಾಡಿದ್ದು. ಮೊದ್ಲು ದೊಡ್ಡ ಫ್ರಿಜ್ಜು ಬೇಕು ಅಂದ್ಲು. ಈಗ ಅವಳು ಸರಗೋಸಾದಲ್ಲಿದಾಳೆ. ಫ್ರಿಜ್ಜು ನನ್ನ ಹತ್ರ ಇದೆ."

ಗಾರ್ಡನ್‌ಗೆ ಆ ಮಾತು ಮಾತ್ರ ಚೆನ್ನಾಗಿ ಕೇಳಿಸಿ ನಕ್ಕುಬಿಟ್ಟ. ನೆವಿಲ್ ಎದ್ದು ಹೋದ. ಬಿಸ್ಕೇ ಕೊಲ್ಲಿಯಲ್ಲಿ ಹಡಗು ಹೊಯ್ದಾಡಿದಾಗೆಲ್ಲ ಅವನು ಬೈಕುಗಳಿದ್ದ ಅಂತಸ್ತಿನ ಬಾಗಿಲ ಹತ್ತಿರ ಹೋಗಿ ಕಿವಿಯಿಟ್ಟು ನಿಲ್ಲುತ್ತಿದ್ದ. ಸಮುದ್ರದ ಮೇಲಿರುವಾಗ ಆ ಬಾಗಿಲು ತೆರೆಯುವುದಿಲ್ಲ. ಈ ಸಲ ಅವನ ಕ್ಯಾಬಿನ್ನಿನ ಕೆಳಗಿನ ಹಲಗೆ ನನ್ನದು. ಮಲಗು ಬಾ ಎಂದು ಕರೆದರೆ ಬಂದು ಮೇಲಿನ ಹಲಗೆ ಹತ್ತುತ್ತಿದ್ದ, ಮತ್ತೆ ಇಳಿಯುತ್ತಿದ್ದ. ಆ ಮೇಲಿನ ಹಲಗೆ ಯಾವಾಗಲೂ ಥೆಲ್ಮಾಳದು. "ಇಲ್ಲಿ ಮಲಗಿದ್ರೆ ಹೊಟ್ಟೆ ತೊಳಸುತ್ತಲ್ಲೋ," ಎಂದ ಒಂದು ಸಲ.

ಬಿಲ್ಬಾವೋದಲ್ಲಿ ಕೆಳಗಿಳಿದು ನೋಡಿದರೆ ನೆವಿಲ್‌ನ ಬೈಕು ಗಾರ್ಡನ್‌ನ ಬೈಕಿಗೆ ಒರಗಿ ನಿಂತಿತ್ತು. ಕನ್ನಡಿ ಒಡೆದಿತ್ತು, ಟ್ಯಾಂಕು ನೆಗ್ಗಿತ್ತು. ಗಾರ್ಡನ್‌ನ ಹ್ಯಾಂಡಲಿನ ತುದಿ ಸೊಟ್ಟಗಾಗಿತ್ತು. ಗಾರ್ಡನ್ ಬಾಯಿ ಬಿಡುವ ಮೊದಲೇ ನೆವಿಲ್ ಕೈ ಎತ್ತಿದ. "ತಪ್ಪು ನಂದು. ರಿಪೇರಿ ನಾನೇ ಮಾಡ್ತೀನಿ," ಎಂದ. ಆ ಟ್ಯಾಂಕಿಗೆ ಒಂದು ಗೀರು ಬಿದ್ದರೆ ಒಂದು ವಾರ ಊಟ ಬಿಡುವ ಮನುಷ್ಯ. ಅವನ ಮುಖದಲ್ಲಿ ಒಂಥರ ಹಗುರ ಕಂಡಿತು.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಕಾರಣ ಹೇಳಿದ. "ಮುಂದಿನ ವರ್ಷದಿಂದ ದೊಡ್ಡ ಹಡಗು. ಎಲ್ರೂ. ಕಟ್ಟೋದು ಅವರ ಕೆಲ್ಸ, ನಾವು ಸೀದಾ ಮೇಲೆ ಹೋಗೋದು. ಕಿಟಕಿ ಇರೋ ಕ್ಯಾಬಿನ್ನು ಹಿಡೀತೀನಿ. ಬಿಳಿ ಬಟ್ಟೆ ಹಾಸಿದ ಮೇಜಲ್ಲೇ ತಿಂಡಿ. ಅವಳಿಗೆ ಇವತ್ತೇ ಹೇಳ್ಬಿಡ್ತೀನಿ."

"ಪಿಯಾನೋ?" ಎಂದ ಗಾರ್ಡನ್.

"ಪಿಯಾನೋನೂ ಕೇಳ್ತೀನಿ."

ನನಗೂ ಸಮಾಧಾನವಾಯಿತು. ಎಲ್ಲವೂ ಒಂದು ಹಡಗಿನಿಂದ ಇನ್ನೊಂದು ಹಡಗಿಗೆ ಹತ್ತಿದರೆ ಮುಗಿಯುವ ಸಂಗತಿಯೇ ಎಂದು ನಾನೂ ನಂಬಿದೆ.

ಸ್ಯಾಂಟಂಡರ್‌ನಲ್ಲಿ ದೊಡ್ಡ ಹಡಗು ಊರಿನ ನಡುವೆಯೇ ಬಂದು ನಿಂತಿರುತ್ತದೆ, ರಸ್ತೆಯ ಆಚೆ ಬದಿಗೆ. ಎದುರಿನ ಹೋಟೆಲಿನ ಹೊರಗಿನ ಮೇಜಿನಲ್ಲಿ ಥೆಲ್ಮಾ ಕೂತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು, ಹಡಗಿನಲ್ಲೇ ಅಂತೆ. ಮುಂದೆ ಟೊಮೇಟೊ ಸವರಿದ ಬ್ರೆಡ್ಡು, ಕಾಫಿ. ಮುಖ ತುಂಬಿಕೊಂಡಿತ್ತು. ಇಷ್ಟು ವರ್ಷ ಸ್ಪೇನಿನಲ್ಲಿ ಇಳಿದಾಗ ಅವಳ ಮುಖ ಬೂದಿ ಬಣ್ಣಕ್ಕಿರುತ್ತಿತ್ತು. ಅದೇ ಅವಳ ಪ್ರವಾಸದ ಬಣ್ಣ ಎಂದು ನಾವು ಅಂದುಕೊಂಡುಬಿಟ್ಟಿದ್ದೆವು. ಅವಳ ಪಕ್ಕ ಕೈಚೀಲ ಒಂದೇ ಇತ್ತು. ಪೆಟ್ಟಿಗೆ ಇರಲಿಲ್ಲ.

ಗಾರ್ಡನ್ ಪೆಟ್ರೋಲು ಹಾಕಿಸಲು ಹೋದ. ನಾನೂ ಹೋಗಬೇಕಿತ್ತು, ಆದರೆ ಸೊಂಟ ಕುರ್ಚಿ ಬೇಡಿತು, ಕೂತುಬಿಟ್ಟೆ. ನೆವಿಲ್ ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದ: ಬೈಕು ಬಿದ್ದದ್ದು, ಮುಂದಿನ ವರ್ಷ ದೊಡ್ಡ ಹಡಗು, ಕಿಟಕಿ, ತಿಂಡಿ. "ಇನ್ಮೇಲೆ ನೀನು ಒಂದು ಬೆಲ್ಟೂ ಮುಟ್ಟೋದು ಬೇಡ ಕಣೇ," ಎಂದ.

"ಕೂತ್ಕೋ ನೆವಿಲ್."

ಕೂತ.

"ಬೈಕಿಗೆ ಹೆಚ್ಚು ಪೆಟ್ಟಾಯ್ತಾ?"

"ಬೈಕು ಬಿಡು."

"ನೋಡು," ಎಂದಳು. "ಹಡಗು ಸಂಜೆ ವಾಪಸ್ ಹೊರಡುತ್ತೆ. ನಾನು ಅದ್ರಲ್ಲೇ ಹೋಗ್ತೀನಿ. ಕ್ಯಾಬಿನ್ನು ಹೋಗೋಕೂ ಬರೋಕೂ ಸೇರ್ಸಿ ಹಿಡಿದಿದ್ದೆ. ಪೆಟ್ಟಿಗೆ ಅಲ್ಲೇ ಇದೆ."

ನೆವಿಲ್ ಹಡಗನ್ನು ನೋಡಿದ, ಅವಳನ್ನು ನೋಡಿದ. "ಮೈ ಸರಿ ಇಲ್ವಾ?"

"ಚೆನ್ನಾಗಿದೀನಿ. ನಿನ್ನೆ ಹತ್ತಿದಾಗಿಂದ ಮಲಗಿದ್ದೆ. ಎದ್ದು ಕಿಟಕಿ ನೋಡಿದೆ, ಬರೀ ನೀರು. ಮತ್ತೆ ಮಲಗಿದೆ. ಯಾರೂ ಕರೀಲಿಲ್ಲ."

"ಹಂಗಾದ್ರೆ ಬೆಟ್ಟ? ಅದ್ರ ಬುಡದಲ್ಲಿ, ಪೋಟೆಸ್‌ನಲ್ಲಿ ರೂಮು ಹೇಳಿದೀವಲ್ಲ. ಆ ರೂಮಿನ ಮುದುಕಿ ನಿನಗೆ ಅಂತ ಬೇಳೆ ಸಾರು ಮಾಡಿಟ್ಟಿರ್ತಾಳೆ."

"ಬೆಟ್ಟ ನಿಂದು ನೆವಿಲ್." ಅವಳ ದನಿ ಏರಲಿಲ್ಲ. "ನನಗೆ ಯಾವತ್ತೂ ಸ್ಪೇನಿಗೆ ಬರ್ಬೇಕು ಅಂತ ಇರ್ಲಿಲ್ಲ. ನೀನು ಹೊರಟೆ, ನಾನು ಕೂತೆ. ಮಗಳನ್ನ ಅಮ್ಮನ ಹತ್ರ ಬಿಟ್ಟು ಕೂತೆ. ಆಮೇಲೆ ಅಮ್ಮನ್ನ ಮಗಳ ಹತ್ರ ಬಿಟ್ಟು ಕೂತೆ. ರಜೆ ಮುಗ್ಸಿ ಬಂದು ಸೋಮವಾರ ಅಡುಗೆಮನೇಲಿ ನಿಂತಾಗ ಕಾಲು ನಡುಗ್ತಿತ್ತು."

"ಒಂದ್ಸಲಾನಾದ್ರೂ ಹೇಳಿದ್ರೆ..."

"ನೀನು ಎಷ್ಟು ಖುಷಿಯಾಗಿರ್ತಿದ್ದೆ ಅಂದ್ರೆ ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಮುಂದಿನ ವರ್ಷ ಹೇಳೋಣ ಅನ್ಕೋತಿದ್ದೆ."

ನೆವಿಲ್ ತನ್ನ ಗ್ಲೌಸುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ, ಮತ್ತೆ ತೆಗೆದ. "ಬೈಕಿಗೂ ಜಾಗ ಇದ್ಯಾ ಕೇಳ್ತೀನಿ," ಎಂದ. "ಇಬ್ರೂ ಒಟ್ಟಿಗೇ ವಾಪಸ್ ಹೋಗೋಣ. ಕೀತ್ ಗಾರ್ಡನ್ ಜೊತೆ ಹೋಗ್ತಾನೆ."

"ಬೇಡ."

"ನನಗೇನೂ ಬೇಜಾರಿಲ್ಲ ಕಣೇ. ಬೆಟ್ಟ ಎಲ್ಲೂ ಓಡಿಹೋಗಲ್ಲ."

"ನೀನು ಬಂದ್ರೆ ನಾನು ಮಲಗೋಕಾಗಲ್ಲ," ಎಂದಳು ಥೆಲ್ಮಾ. "ಗಾಳಿ ಜೋರಾಯ್ತು ಅಂತೀಯ, ಬೈಕು ಹೇಗಿದ್ಯೋ ಅಂತೀಯ, ಚಹಾ ಕುಡಿಯೋಣ್ವಾ ಅಂತೀಯ. ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ನನಗೆ ಇನ್ನೊಂದು ದಿನ ಹಂಗೇ ಮಲಗ್ಬೇಕು. ನೀನು ಊರಿಗೆ ಬರೋ ಹೊತ್ತಿಗೆ ಮನೇಲಿರ್ತೀನಿ. ಹೆಂಡ್ತಿಯಾಗಿ ಇರ್ತೀನಿ ನೆವಿಲ್. ಆ ಸೀಟಿನ ಮೇಲೆ ಮಾತ್ರ ಇನ್ನು ಕೂರಲ್ಲ."

ಅವನ ಬಾಯಿ ಸ್ವಲ್ಪ ತೆರೆದೇ ಇತ್ತು. ಅರವತ್ತು ದಾಟಿದ ಗಂಡಸು ಅಷ್ಟು ಅಸಹಾಯಕನಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಅವನ ಮೇಲೆ ಕನಿಕರ ಉಕ್ಕಿತು, ಅಕ್ಕನ ಮೇಲೆ ಅದಕ್ಕಿಂತ ಹೆಚ್ಚು. ನಾನು ಯಾರ ಕಡೆ ಮಾತಾಡಿದರೂ ಸುಳ್ಳಾಗುತ್ತಿತ್ತು. ಮಾಣಿ ಬಂದು ಇನ್ನೇನಾದರೂ ಬೇಕೆ ಎಂದು ಕೇಳಿದ. ಥೆಲ್ಮಾ ನಮ್ಮಿಬ್ಬರಿಗೂ ಮೊಟ್ಟೆ, ಆಲೂಗಡ್ಡೆ ಹಾಕಿ ಹೊಯ್ದ ದಪ್ಪ ದೋಸೆಯ ತುಂಡು ಹೇಳಿದಳು. ನೆವಿಲ್ ತಿಂದ. ತಿನ್ನುವಾಗ ಅವನ ಗಲ್ಲದ ಮೇಲೆ ಅಂಟಿದ್ದನ್ನು ಅವಳು ಬಟ್ಟೆಯಿಂದ ಒರೆಸಿದಳು.

ಗಾರ್ಡನ್ ಬಂದ. ವಿಷಯ ತಿಳಿದು, ಏನೋ ಒಂದು ಮಾತು ಹೊಂದಿಸಲು ಬಾಯಿ ತೆರೆದವನು ಜನ್ಮದಲ್ಲಿ ಮೊದಲ ಸಲ ಮುಚ್ಚಿಕೊಂಡ. ಥೆಲ್ಮಾ ಹಿಂದಿನ ಸೀಟಿನಿಂದ ತನ್ನ ಹೆಲ್ಮೆಟ್ಟು, ಜಾಕೆಟ್ಟು ಬಿಚ್ಚಿಕೊಂಡಳು. "ನಿನಗ್ಯಾಕೆ ಭಾರ, ನಾನೇ ಒಯ್ತೀನಿ," ಎಂದಳು. ಒರಗುದಿಂಬಿನ ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿ, "ಚೆನ್ನಾಗಿ ಮಾಡಿದೀಯ," ಎಂದಳು. ಗಂಡನ ಕೆನ್ನೆಗೆ ಮುತ್ತಿಟ್ಟಳು, ನನ್ನ ತಲೆ ಸವರಿದಳು, ಹೆಲ್ಮೆಟ್ಟನ್ನು ತರಕಾರಿ ಬುಟ್ಟಿಯಂತೆ ಮೊಣಕೈಗೆ ನೇತು ಹಾಕಿಕೊಂಡು ರಸ್ತೆ ದಾಟಿದಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ತಿರುಗಿ ನೋಡಲಿಲ್ಲ. ಹಡಗಿನ ಬಾಗಿಲಲ್ಲಿದ್ದವನು ಅವಳ ಕೈಯಿಂದ ಜಾಕೆಟ್ಟು ಇಸಿದುಕೊಂಡು ಒಳಗೆ ಕರೆದುಕೊಂಡ.

ನಾವು ನಮ್ಮ ನಮ್ಮ ಬೈಕು ಹತ್ತಿದೆವು. ಮುಂದೆ ನೆವಿಲ್, ಹಿಂದೆ ನಾನು, ಕೊನೆಗೆ ಗಾರ್ಡನ್. ನೆವಿಲ್ ಎಂಜಿನ್ ಶುರು ಮಾಡಿ, ಹೆಲ್ಮೆಟ್ಟಿನ ಗಾಜು ಇಳಿಸಿ, ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು ಕೂತ. ಹೊರಡಲಿಲ್ಲ. ಎದುರಿನ ಸಿಗ್ನಲ್ಲು ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಗಾರ್ಡನ್ ಹಾರ್ನ್ ಹೊಡೆದ. ಊರಿನಿಂದ ಹೊರಟಾಗಿನಿಂದ ಎಲ್ಲಿ ನಿಲ್ಲಿಸಿದರೂ ಇವನು ಹೀಗೇ ತಡ ಮಾಡುತ್ತಿದ್ದ. ವಯಸ್ಸಾಯಿತು ಇವನಿಗೆ, ಗೇರು ಹುಡುಕುತ್ತಾನೆ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದೆ. ಈಗ ಅವನ ಬೆನ್ನನ್ನೇ ನೋಡುತ್ತಿದ್ದಾಗ ಗೊತ್ತಾಯಿತು. ಹಿಂದೆ ಕೂತವರು ಸರಿಯಾಗಿ ಕೂತೆ ಎಂದು ತಿಳಿಸಲು ಓಡಿಸುವವನ ಭುಜಕ್ಕೆ ಎರಡು ಸಲ ತಟ್ಟುತ್ತಾರೆ. ಈ ಪ್ರವಾಸಕ್ಕೆ ಮೊದಲು ಅದಾಗದೆ ನೆವಿಲ್ ಬೈಕಿನಲ್ಲಿ ಎಲ್ಲಿಗೂ ಹೊರಟವನಲ್ಲ. ತಾನು ಕಾಯುತ್ತಿದ್ದೇನೆಂದು ಅವನಿಗೇ ಗೊತ್ತಿತ್ತೋ ಇಲ್ಲವೋ.

ನಾನು ಬೈಕು ಸ್ಟ್ಯಾಂಡಿಗೆ ಹಾಕಿ ಇಳಿದೆ. ಅವನ ಹಿಂದೆ ಹೋಗಿ ನಿಂತು ಬಲ ಭುಜಕ್ಕೆ ಎರಡು ಸಲ ತಟ್ಟಿದೆ. ಅವನು ತಿರುಗಿ ನೋಡಲಿಲ್ಲ. ತಲೆಯಾಡಿಸಿ, ಗೇರು ಹಾಕಿ ಹೊರಟ.